ಹತ್ತು ನಿಮಿಷದಕ್ಕ

ಕುರ್ಚಿಯ ಬೆನ್ನಿಗೆ ಕೈಚೀಲ ನೇತುಹಾಕುವಾಗಲೇ ಮೇಜಿನ ಮೇಲಿದ್ದ ಕಂದು ಲಕೋಟೆ ಅವಳ ಕಣ್ಣಿಗೆ ಬಿತ್ತು. ಮೇಲೆ ಬರೆದಿದ್ದ ಎರಡು ಸಾಲು ಓದುವುದಕ್ಕೆ ಮುಂಚೆಯೇ ಅಕ್ಷರ ಯಾರದೆಂದು ಗೊತ್ತಾಯಿತು. ತಲೆಕಟ್ಟುಗಳೆಲ್ಲ ಅಳತೆಪಟ್ಟಿ ಇಟ್ಟು ಎಳೆದಷ್ಟು ನೇರ, ಒತ್ತಕ್ಷರಗಳೆಲ್ಲ ಒಂದೇ ಆಳಕ್ಕೆ ಇಳಿದು ನಿಂತಿವೆ. ಇಪ್ಪತ್ತಮೂರು ವರ್ಷದ ಮೇಲೆ ಕೈ ಸ್ವಲ್ಪ ನಡುಗಿದೆ, ಆದರೆ ನಡುಕವೂ ಸಾಲು ಬಿಟ್ಟು ಆಚೆ ಹೋಗಿಲ್ಲ. ಒಳಗಿನ ಕೋಣೆಯಿಂದ ಪ್ರೆಸ್ಸಿನ ಯಜಮಾನರು ಕೂಗಿದರು. "ಹತ್ನಿಮಿಷದಕ್ಕಾ, ನೋಡಿದ್ರಾ? ನಮ್ಮ ಹಳೇ ಮೇಷ್ಟ್ರದ್ದು. ಅವರ ಮನೆಯವರು ತೀರಿಹೋಗಿ ವರ್ಷ ಆಗ್ತಾ ಬಂತಂತೆ. ನೆಂಟರಿಗೆಲ್ಲ ಕೊಡೋಕೆ ಒಂದು ಸಣ್ಣ ಪುಸ್ತಕ. ಹದಿನಾರೇ ಪುಟ. ಮೂರು ಗಂಟೆಗೆ ಮಗಳ ಜೊತೆ ಅವರೇ ಬರ್ತಾರೆ, ಅಷ್ಟರೊಳಗೆ ಪುಟ ಕಟ್ಟಿಡಿ. ನಿಮಗೇನು ಬಿಡಿ!" ಅವಳು "ಹೂಂ ಸಾರ್" ಎಂದಳು. ಅವರಿಗೆ ಕೇಳಿಸಿತೋ ಇಲ್ಲವೋ.

ಈ ಹೆಸರು ಹೊಗಳಿಕೆ ಎಂದೇ ಎಲ್ಲರೂ ತಿಳಿದಿದ್ದರು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರಿಗೆ ಯಜಮಾನರು ಅವಳನ್ನು ತೋರಿಸಿ, ಒಂದೂವರೆ ದಿನದ ಕೆಲಸವನ್ನು ಹತ್ತೇ ನಿಮಿಷದಲ್ಲಿ ಮುಗಿಸಿದವರು ಇವರು, ಇದೇ ಗೋಡೆಯ ಗಡಿಯಾರ ಸಾಕ್ಷಿ ಎನ್ನುತ್ತಿದ್ದರು. ಆಗ ಅವಳು ತಲೆ ತಗ್ಗಿಸಿ ಪರದೆ ನೋಡುತ್ತಿದ್ದಳು, ಅದನ್ನು ಅವರು ವಿನಯ ಎಂದುಕೊಳ್ಳುತ್ತಿದ್ದರು. ಆ ಹುಡುಗಿಯರಿಗೆ ಕೆಲಸ ಕಲಿಸುವವಳೂ ಅವಳೇ. ಚೌಕ ಮೊದಲು, ಚಿತ್ರ ಆಮೇಲೆ. ಖಾಲಿ ಚೌಕಗಳನ್ನು ಜೋಡಿಸಿಟ್ಟುಕೊಂಡರೆ ಚಿತ್ರಗಳನ್ನು ಒಂದರ ಹಿಂದೊಂದು ಸುರಿದುಬಿಡಬಹುದು. ತಲೆಬರಹಕ್ಕೆ, ಮೈಬರಹಕ್ಕೆ, ಚಿತ್ರದಡಿಯ ಸಾಲಿಗೆ ಒಂದೊಂದು ಸ್ಟೈಲ್, ಅಂದರೆ ಅಕ್ಷರದ ಗಾತ್ರ ರೂಪ ಕಟ್ಟಿಡಿ, ಒಮ್ಮೆ ಕಟ್ಟಿ ಸಾವಿರ ಸಲ ಒತ್ತಿ. ಬರಹವನ್ನು ಓದುತ್ತಾ ಕೂರಬೇಡಿ, ಓದಿದರೆ ಕೈ ನಿಧಾನವಾಗುತ್ತೆ. ಹೀಗೆಲ್ಲ ಹೇಳುವಾಗ ತನ್ನ ಗಂಟಲಿನಿಂದ ಇನ್ಯಾರೋ ಮಾತಾಡುತ್ತಿದ್ದಾರೆ ಎಂದು ಎಷ್ಟೋ ಸಲ ಅನ್ನಿಸಿದೆ. ಅವಳಿಗೆ ಕಲಿಸಿದವರು ಹೀಗೆ ಕಲಿಸಿರಲಿಲ್ಲ. ಓದದೆ ಒಂದು ಪಟ್ಟಿಯನ್ನೂ ಅಂಟಿಸಬೇಡ, ಚಿತ್ರದಲ್ಲಿರೋರು ಯಾರು ಅಂತ ಗೊತ್ತಿಲ್ಲದೆ ಕತ್ತರಿ ಇಡಬೇಡ ಎಂದು ಕಲಿಸಿದವರು ಅವರು.

ಗೋಂದಿನ ಮೇಷ್ಟ್ರು ಎಂದೇ ಅವರ ಹೆಸರು. ಈಗ ಕಾಗದದ ರೀಮುಗಳನ್ನು ಪೇರಿಸಿಟ್ಟ ಮೂಲೆಯಲ್ಲೇ ಆಗ ಅವರ ಗಾಜಿನ ಮೇಜಿತ್ತು, ಅಡಿಯಲ್ಲಿ ಎರಡು ಟ್ಯೂಬ್‌ಲೈಟು. ಕೆಳಗಿನಿಂದ ಬರುವ ಬೆಳಕಿನಲ್ಲಿ ಅವರ ಗಲ್ಲ, ಮೂಗಿನ ಹೊಳ್ಳೆ, ಕನ್ನಡಕದ ಅಂಚು ಮಾತ್ರ ಬೆಳ್ಳಗೆ ಕಾಣುತ್ತಿತ್ತು. ಜೋಡಿಸಿದ ಅಕ್ಷರಗಳು ಫೋಟೊ ಕಾಗದದ ಉದ್ದುದ್ದ ಪಟ್ಟಿಗಳಾಗಿ ಬರುತ್ತಿದ್ದವು. ಅವನ್ನು ಬ್ಲೇಡಿನಲ್ಲಿ ಕೊಯ್ದು, ಬೆನ್ನಿಗೆ ಗೋಂದು ಸವರಿ, ರಟ್ಟಿನ ಮೇಲೆ ನೀಲಿ ಪೆನ್ಸಿಲಿನಲ್ಲಿ ಎಳೆದ ಗೆರೆಗಳ ನಡುವೆ ಕೂರಿಸಬೇಕು. ಇಪ್ಪತ್ತೈದರ ವಯಸ್ಸಿನಲ್ಲಿ ಅವಳು ಅವರ ಎಡಗಡೆ ನಿಂತು ಪಟ್ಟಿಗಳನ್ನು ಒಂದೊಂದಾಗಿ ಎತ್ತಿಕೊಡುತ್ತಿದ್ದಳು. "ಒಂದು ಕೂದಲು ಎಡಕ್ಕೆ" ಎನ್ನುತ್ತಿದ್ದರು ತಮಗೆ ತಾವೇ, ಉಗುರಿನಿಂದ ಪಟ್ಟಿಯನ್ನು ಮೆಲ್ಲಗೆ ದೂಡುತ್ತ. ನಿಜಕ್ಕೂ ಒಂದು ಕೂದಲೇ ಸರಿಯುತ್ತಿತ್ತು, ಇಡೀ ಪುಟ ಉಸಿರು ಬಿಟ್ಟು ಸರಿಯಾಗಿ ಕೂತಂತೆ ಕಾಣುತ್ತಿತ್ತು. ಸಂಜೆ ಮನೆಗೆ ಹೋಗಿ ಊಟಕ್ಕೆ ಕೂತರೆ ಅವಳ ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿರುತ್ತಿದ್ದವು. ಆ ಗೋಂದಿನ ಹುಳಿವಾಸನೆಗೆ ಅಮ್ಮ ಮೂಗು ಮುರಿದರೆ, ಅವಳು ಬೇಕೆಂದೇ ಬೆರಳನ್ನು ಮೂಸಿ ನೋಡಿಕೊಂಡು ನಗುತ್ತಿದ್ದಳು. ಅಷ್ಟು ಸಂತೋಷವಾಗಿ ಆಮೇಲೆಂದೂ ಕೆಲಸ ಮಾಡಲಿಲ್ಲವೇನೋ. ಹಾಗಂತ ಯಾರ ಬಳಿ ಹೇಳಲಿ? ಆ ಮೇಜನ್ನು ಎತ್ತಿಸಿದವಳೇ ತಾನು.

ಲಕೋಟೆ ಬಿಚ್ಚಿದಳು. ಹದಿನೇಳು ಫೋಟೊಗಳು, ಮಗಳು ಟೈಪು ಮಾಡಿದ ಬರಹವಿದ್ದ ಒಂದು ಪೆನ್‌ಡ್ರೈವ್, ಮತ್ತು ಒಂದು ನೋಟುಪುಸ್ತಕ. ನೋಟುಪುಸ್ತಕದಲ್ಲಿ ಹದಿನಾರು ಪುಟಕ್ಕೂ ನಕ್ಷೆಯಿತ್ತು, ಹಳೆಯ ಕ್ರಮದಲ್ಲೇ. ಚಿತ್ರ ಬರುವಲ್ಲಿ ಚೌಕ ಎಳೆದು ಒಳಗೆ ಅಡ್ಡಡ್ಡ ಎರಡು ಗೆರೆ, ಬರಹ ಬರುವಲ್ಲಿ ಅಲೆಅಲೆಯಾದ ಸಾಲು, ಪಕ್ಕದಲ್ಲಿ ಎಷ್ಟು ಸಾಲು ಎಂಬ ಅಂಕಿ. ಅವಳು ಅದನ್ನು ಒಮ್ಮೆ ತಿರುವಿ ಪಕ್ಕಕ್ಕಿಟ್ಟಳು. ಇಂಥ ನೆನಪಿನ ಪುಸ್ತಕಗಳಿಗೆಂದೇ ಅವಳ ಬಳಿ ಸಿದ್ಧ ಮಾಸ್ಟರ್ ಪುಟವಿತ್ತು, ಎಡಕ್ಕೆ ಚಿತ್ರ, ಬಲಕ್ಕೆ ಬರಹ, ಸುತ್ತ ತೆಳ್ಳನೆಯ ಬೂದು ಗೆರೆ. ಸತ್ತವರು ಯಾರೇ ಆಗಲಿ, ಅದರಲ್ಲಿ ಕೂತುಬಿಡುತ್ತಿದ್ದರು. ಬರಹವನ್ನು ಸುರಿಯುವ ಮೊದಲು ಮಾತ್ರ ಕೈ ತಡೆಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಹುಡುಕುವ ಕಿಂಡಿ ತೆರೆದು ತನ್ನ ಹೆಸರನ್ನು ಟೈಪು ಮಾಡಿದಳು. ಸಿಗಲಿಲ್ಲ ಎಂದಿತು ಯಂತ್ರ. ಹತ್ತು ನಿಮಿಷ ಎಂದು ಹಾಕಿ ನೋಡಿದಳು. ಅದೂ ಇಲ್ಲ. ಉಸಿರು ಸಡಿಲವಾಯಿತು. ಆ ನಿರಾಳದ ಬೆನ್ನಿಗೇ ಒಂದು ಸಣ್ಣ ಅವಮಾನವೂ ಒಳಗೆ ಬಂದು ಕೂತಿತು. ನಾಲ್ಕು ವರ್ಷ ಪಕ್ಕದಲ್ಲಿ ನಿಂತವಳು ಒಂದು ಅಕ್ಷರಕ್ಕೂ ಬೇಡವಾದಳೇ? ಬಯ್ಯುವುದಕ್ಕಾದರೂ?

ಬರಹ ಸುರಿದಳು. ಪ್ರತಿ ಚೌಕದ ಮೂಲೆಯಲ್ಲೂ ಕೆಂಪು ಪ್ಲಸ್ ಗುರುತು ಬಂದು ನಿಂತಿತು, ಒಳಗೆ ಹಿಡಿಸದ ಮಾತು ಇನ್ನೂ ಉಳಿದಿದೆ ಎಂದು. ಅಕ್ಷರವನ್ನು ಅರ್ಧ ಪಾಯಿಂಟು ಇಳಿಸಿ, ಸಾಲುಗಳ ನಡುವಿನ ಜಾಗ ಸ್ವಲ್ಪ ಬಿಗಿದಳು, ಕೆಂಪು ಮಾಯವಾಯಿತು. ಐದನೇ ಪುಟದಲ್ಲಿ ಮೇಷ್ಟ್ರ ಹೆಂಡತಿಯ ದೊಡ್ಡ ಚಿತ್ರ. ನಲವತ್ತರ ಆಸುಪಾಸಿನ ಮುಖ, ಕಿಟಕಿಯ ಕಡೆ ತಿರುಗಿದೆ. ಮಾಸ್ಟರ್ ಪುಟದ ಎಡಗಡೆ ಕೂರಿಸಿದರೆ ಆ ನೋಟ ಪುಟದಾಚೆಗೆ ಹೋಗಿಬಿಡುತ್ತಿತ್ತು. ಒಂದು ಗುಂಡಿ ಒತ್ತಿ ಚಿತ್ರವನ್ನೇ ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ತಿರುಗಿಸಿದಳು. ಈಗ ಆಕೆ ತನ್ನ ಬಗ್ಗೆ ಬರೆದ ಬರಹದ ಕಡೆಗೇ ನೋಡುತ್ತಿದ್ದರು. ಹನ್ನೊಂದು ಗಂಟೆಗೆ ಕೆಲಸ ಮುಗಿಯಿತು. ಮೂರು ಗಂಟೆಯವರೆಗೆ ಬೇರೆ ಏನೂ ಮಾಡಲಾಗಲಿಲ್ಲ.

ಇಪ್ಪತ್ತಮೂರು ವರ್ಷದ ಹಿಂದಿನ ಆ ಭಾನುವಾರವೂ ಹೀಗೇ ಹನ್ನೊಂದು ಗಂಟೆ. ಕಂಪ್ಯೂಟರು ಬಂದು ಎರಡು ತಿಂಗಳಾಗಿತ್ತು. ಸೋಮವಾರ ಎಲ್ಲರೆದುರು ಒಂದು ಪುಟ ಕಟ್ಟಿ ತೋರಿಸು, ಮೇಷ್ಟ್ರ ಮೇಜಿನ ಕೆಲಸ ಇದರಲ್ಲಿ ಎಷ್ಟು ಹೊತ್ತಿಗಾಗುತ್ತೋ ನೋಡೋಣ ಎಂದಿದ್ದರು ಯಜಮಾನರು. ಅಭ್ಯಾಸ ಮಾಡಿಕೊಳ್ಳುತ್ತೇನೆ ಎಂದು ಬೀಗದ ಕೈ ಇಸಿದುಕೊಂಡು ಬಂದಳು. ಅಭ್ಯಾಸಕ್ಕೆಂದೇ ಬಂದದ್ದು, ಅದು ಸುಳ್ಳಲ್ಲ. ಆದರೆ ಎಷ್ಟು ಸಲ ಕಟ್ಟಿದರೂ ಪುಟ ಕೂರಲಿಲ್ಲ. ಹನ್ನೊಂದು ಚಿತ್ರ, ಮೂರು ಲೇಖನ, ಒಂದರ ಕಾಲು ಒಂದು ತುಳಿಯುತ್ತಿತ್ತು. ಆಮೇಲೆ ಮೇಷ್ಟ್ರ ಡ್ರಾಯರ್ ಎಳೆದಳು. ಅದೇ ಪುಟವನ್ನು ಅವರು ಒಂದೂವರೆ ದಿನ ಕೂತು ಅಂಟಿಸಿ ಮುಗಿಸಿಟ್ಟಿದ್ದರು. ರಟ್ಟನ್ನು ಎತ್ತಿ, ಅಳತೆಪಟ್ಟಿಯಿಂದ ಪ್ರತಿ ಚೌಕ ಅಳೆದು, ಪರದೆಯ ಮೇಲೆ ಅದೇ ಜಾಗಕ್ಕೆ ಅದೇ ಚೌಕ ಎಳೆದಳು. ಬರಹವನ್ನೆಲ್ಲ ಟೈಪು ಮಾಡಿ, ಚಿತ್ರಗಳನ್ನು ಸ್ಕ್ಯಾನ್ ಮಾಡಿ ಇಟ್ಟಳು. ಸೋಮವಾರ ಉಳಿದದ್ದು ಸುರಿಯುವುದಷ್ಟೇ. ಯಜಮಾನರು ಗಡಿಯಾರ ನೋಡುತ್ತ ನಿಂತರು. ಹತ್ತನೇ ನಿಮಿಷಕ್ಕೆ ಪುಟ ಎದ್ದು ನಿಂತಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಹಿಂದೆ ಕೈಕಟ್ಟಿ ನಿಂತಿದ್ದ ಮೇಷ್ಟ್ರು ಬಾಯಿ ತೆರೆದರು. "ಚೆನ್ನಾಗಿದೆ" ಎಂದರು, ಅಷ್ಟೇ, ಹೊರಗೆ ಹೋಗಿ ಬಹಳ ಹೊತ್ತು ನಲ್ಲಿಯ ಕೆಳಗೆ ಕೈ ತೊಳೆದರು. ತಿಂಗಳ ಕೊನೆಗೆ ಗಾಜಿನ ಮೇಜು ಹಿತ್ತಲಿಗೆ ಹೋಯಿತು. ಮೇಷ್ಟ್ರಿಗೆ ಪುಸ್ತಕದ ಬಂಡಲ್ ಕಟ್ಟುವ ಕೆಲಸ ಕೊಟ್ಟರು. ಎರಡು ತಿಂಗಳು ಅದನ್ನೂ ಕಟ್ಟಿದರು. ಅವರು ಕಟ್ಟಿದ ಬಂಡಲಿನ ಮೂಲೆಗಳು ಚಾಕುವಿನಂತೆ ಚೂಪಾಗಿರುತ್ತಿದ್ದವು. ಅವಳು ಆ ಕಡೆ ಹೋಗಬೇಕಾದಾಗಲೆಲ್ಲ ಸುತ್ತು ಬಳಸಿ ಹೋಗುತ್ತಿದ್ದಳು. ಒಂದು ದಿನ ಅವರು ಬರುವುದೇ ನಿಂತುಹೋಯಿತು.

ಮೂರಕ್ಕೆ ಐದು ನಿಮಿಷವಿರುವಾಗ ಬಾಗಿಲಲ್ಲಿ ಕೋಲಿನ ಸದ್ದಾಯಿತು. ಎಂಬತ್ತರ ಹತ್ತಿರದ ದೇಹ, ಅಂಗಿಯೊಳಗೆ ಮನುಷ್ಯ ಸಣ್ಣಗಾಗಿದ್ದರು. ಕನ್ನಡಕ ಮಾತ್ರ ದಪ್ಪಗಾಗಿತ್ತು. ಮಗಳು ತೋಳು ಹಿಡಿದಿದ್ದಳು. "ಅಕ್ಕಾ, ಅಪ್ಪ ಬೆಳಿಗ್ಗೆಯಿಂದ ನಿಂತಲ್ಲಿ ನಿಲ್ತಿಲ್ಲ, ಪುಟ ನೋಡ್ಬೇಕು ಪುಟ ನೋಡ್ಬೇಕು ಅಂತ" ಎಂದು ನಕ್ಕಳು. ಮೇಷ್ಟ್ರು ಕುರ್ಚಿ ಎಳೆದುಕೊಂಡು ಅವಳ ಬಲಗಡೆ ಕೂತರು. "ಚೆನ್ನಾಗಿದೀಯಾ?" ಎಂದು ಕೇಳಿದರು, ನಿನ್ನೆ ತಾನೇ ಕೆಲಸ ಬಿಟ್ಟು ಎದ್ದು ಹೋದವರ ಹಾಗೆ. ಅವಳು ಹೂಂ ಎಂದಳು. ಮನೆಯವರ ಬಗ್ಗೆ ಎರಡು ಮಾತು ಹೇಳಬೇಕಿತ್ತು. ತೀರಿಹೋದಾಗ ಹೋಗಬೇಕಿತ್ತು, ಹೋಗಿರಲಿಲ್ಲ. ಬಾಯಿಗೆ ಬಂದದ್ದು "ಪುಟ ರೆಡಿ ಇದೆ ಮೇಷ್ಟ್ರೇ" ಎಂಬ ಮಾತು.

ಕಾಗದ, ರಕ್ಷಾಪುಟದ ಬಣ್ಣ ಎಂದು ಯಜಮಾನರು ಮಗಳನ್ನು ಒಳಗೆ ಕರೆದುಕೊಂಡರು. ಅವಳು ಒಂದೊಂದಾಗಿ ಪುಟ ಸರಿಸಿದಳು. ಮೇಷ್ಟ್ರು ಮೂಗು ಪರದೆಗೆ ತಾಗುವಷ್ಟು ಬಾಗಿ ನೋಡಿದರು. ಐದನೇ ಪುಟಕ್ಕೆ ಬಂದಾಗ ಹಿಂದಕ್ಕೆ ಸರಿದರು.

"ಇದು ಯಾರು?"

"ಅಮ್ಮ ಮೇಷ್ಟ್ರೇ. ನಿಮ್ಮ ಮನೆಯವರು."

"ಅಲ್ಲ" ಎಂದರು. ಮತ್ತೆ ಬಾಗಿದರು. "ಅವಳಿಗೆ ಮಚ್ಚೆ ಇದ್ದದ್ದು ಎಡಗೆನ್ನೇಲಿ. ಬೈತಲೆ ಆ ಕಡೆ. ಇವರು ಬೇರೆ ಯಾರೋ."

ಒಂದೇ ಗುಂಡಿಯಲ್ಲಿ ನಲವತ್ತೆಂಟು ವರ್ಷ ಜೊತೆಗಿದ್ದವರನ್ನು ಅಪರಿಚಿತರನ್ನಾಗಿ ಮಾಡಿಬಿಟ್ಟಿದ್ದಳು. "ತಿರುಗಿಸಿದ್ದೆ. ಆಚೆ ನೋಡ್ತಿದ್ರಲ್ಲ, ಅದಕ್ಕೆ" ಎಂದಳು. ಮೇಷ್ಟ್ರು ಬಯ್ಯಲಿಲ್ಲ. ನೋಟುಪುಸ್ತಕ ಕೈಗೆತ್ತಿಕೊಂಡು ಐದನೇ ಪುಟದ ನಕ್ಷೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಚಿತ್ರದ ಚೌಕ ಬಲಗಡೆಯಿತ್ತು. ಬಲಗಡೆ ಕೂತರೆ ಆಕೆ ತಾನಾಗಿಯೇ ಬರಹದ ಕಡೆ ನೋಡುತ್ತಾರೆ, ಮಚ್ಚೆ ಇದ್ದ ಕೆನ್ನೆಯಲ್ಲೇ ಇರುತ್ತದೆ. ಅದನ್ನು ನೋಡಿಯೇ ಅವರು ನಕ್ಷೆ ಬರೆದಿದ್ದರು. "ನಾನು ಬರೆದ ಹಾಗೇ ಒಂದ್ಸಲ ಮಾಡಿ ನೋಡೋಣವಾ?" ಎಂದರು, ಕೇಳುವವರ ಹಾಗೆ. "ನಿಂಗೆ ಹೊತ್ತಿದ್ರೆ."

ಮಾಸ್ಟರ್ ಪುಟವನ್ನು ಕಿತ್ತುಹಾಕಿದಳು. ಬಿಳಿಯ ಪುಟದ ಮೇಲೆ ಮೊದಲಿನಿಂದ ಚೌಕ ಎಳೆಯತೊಡಗಿದಳು. ಅವರು ಅಳತೆ ಓದುವುದು, ಅವಳು ಎಳೆಯುವುದು. ಅಕ್ಷರವನ್ನು ಮೊದಲಿನ ಗಾತ್ರಕ್ಕೆ ತಂದಳು. ಮೊದಲ ಪುಟದ ಬರಹ ಹರಿದು ಬಂದು ಕೊನೆಯ ಸಾಲಿನ ಕೊನೆಯ ಪದಕ್ಕೆ ನಿಂತಿತು, ಕೆಂಪು ಗುರುತಿಲ್ಲ, ಖಾಲಿಯೂ ಇಲ್ಲ. ಎರಡನೆಯದೂ ಹಾಗೇ, ಮೂರನೆಯದೂ. ಇವರು ಒಂದೊಂದು ಅಕ್ಷರ ಎಣಿಸಿ ಬರೆದಿದ್ದರು! ಅವಳಿಗೆ ನಗು ಬಂತು, ಜೊತೆಗೆ ಕಣ್ಣೂ ಮಂಜಾಯಿತು. "ಇದು ಹೇಗೆ, ಬರಹ ಚಿತ್ರದ ಸುತ್ತ ತಾನೇ ಬಳಸಿ ಹೋಗುತ್ತಲ್ಲ?" ಎಂದು ಮೇಷ್ಟ್ರು ಕೇಳಿದರು. ತೋರಿಸಿದಳು. ಚಿತ್ರವನ್ನು ಸರಿಸಿದರೆ ಸಾಲುಗಳು ಹಕ್ಕಿಯ ಹಿಂಡಿನಂತೆ ಪಕ್ಕಕ್ಕೆ ಜರುಗಿ ಜಾಗ ಬಿಡುತ್ತಿದ್ದವು. "ಅಬ್ಬಾ! ನಾನು ಇದಕ್ಕೆ ಒಂದೊಂದು ಸಾಲನ್ನೂ ಕೊಯ್ತಿದ್ದೆ" ಎಂದು ಬಾಯಿ ತುಂಬಾ ನಕ್ಕರು. "ಒಂದು ಕೂದಲು ಎಡಕ್ಕೆ. ಹಾಂ, ಇನ್ನರ್ಧ. ಹಾಂ." ಅವರ ಬೆರಳು ಪರದೆಯ ಮೇಲೆ ಮಂಜಿನ ಗುರುತು ಬಿಡುತ್ತಿತ್ತು. ಹುಡುಗಿಯರು ಪರದೆ ಮುಟ್ಟಿದರೆ ಗದರುವವಳು ಸುಮ್ಮನಿದ್ದಳು. ಎಷ್ಟು ಹೊತ್ತಾಯಿತೆಂದು ಇಬ್ಬರೂ ನೋಡಲಿಲ್ಲ.

ಹನ್ನೊಂದನೇ ಪುಟದಲ್ಲಿ ಮಾತ್ರ ನಾಲ್ಕು ಸಾಲಿನಷ್ಟು ಜಾಗ ಖಾಲಿ ಉಳಿಯಿತು. "ಇಲ್ಲಿ ಲೆಕ್ಕ ತಪ್ಪಿದೆ ಮೇಷ್ಟ್ರೇ" ಎಂದು ಆಶ್ಚರ್ಯದಿಂದ ಹೇಳಿ, ಅವರ ತೊಡೆಯ ಮೇಲಿದ್ದ ನೋಟುಪುಸ್ತಕದ ಕಡೆ ಬಗ್ಗಿದಳು. ಅಲ್ಲಿ ನಾಲ್ಕು ಸಾಲು ಬರೆದು, ಪೆನ್ನಿನಿಂದ ಒತ್ತಿ ಒತ್ತಿ ಹೊಡೆದು ಹಾಕಲಾಗಿತ್ತು. ಒಂದಕ್ಷರವೂ ಕಾಣದ ಹಾಗೆ. ಆ ಪುಟ ಅವರು ಪ್ರೆಸ್ಸು ಬಿಟ್ಟ ವರ್ಷದ್ದು.

"ತಪ್ಪಿಲ್ಲ" ಎಂದರು ಮೇಷ್ಟ್ರು. "ಬರೆದಿದ್ದೆ. ಆಮೇಲೆ, ಅವಳ ಪುಸ್ತಕದಲ್ಲಿ ಇದು ಯಾಕೆ ಅನ್ನಿಸ್ತು. ಹೊಡೆದುಹಾಕಿದೆ."

ಇನ್ನು ಹೇಳದಿದ್ದರೆ ಎಂದೂ ಹೇಳಲಾರೆ ಎಂದು ಅವಳಿಗೆ ಗೊತ್ತಾಯಿತು. "ಮೇಷ್ಟ್ರೇ, ಅವತ್ತಿನ ಆ ಪುಟ ಹತ್ತು ನಿಮಿಷದ್ದಲ್ಲ. ಭಾನುವಾರ ಬಂದು ನಾನು..."

"ನನ್ನ ಡ್ರಾಯರ್ ತೆಗೆದೆ" ಎಂದು ಅವರೇ ಮುಗಿಸಿದರು. "ರಟ್ಟನ್ನ ವಾಪಸ್ಸು ಇಡುವಾಗ ನೀನು ತಲೆಕೆಳಗು ಇಟ್ಟಿದ್ದೆ ಕಣಮ್ಮ. ಸೋಮವಾರ ಬೆಳಿಗ್ಗೇನೇ ನೋಡ್ದೆ."

"ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ?"

"ಹೇಳೋಣ ಅಂತಾನೇ ಬಾಯಿ ತೆಗ್ದೆ. ಎದುರಿಗೆ ಪುಟ ನಿಂತಿತ್ತು. ಚೆನ್ನಾಗಿತ್ತು. ನನ್ನದೇ ಪುಟ ತಾನೇ, ಚೆನ್ನಾಗಿಲ್ಲ ಅಂತ ಹೇಗೆ ಹೇಳ್ಲಿ?"

ಅವಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. "ಸಿಟ್ಟು ಬರ್ಲಿಲ್ವಾ?"

"ಬಂತು. ಬಹಳ ವರ್ಷ ಇತ್ತು. ಈಗಲೂ ಪೂರ್ತಿ ಹೋಗಿದೆ ಅಂತ ಹೇಳಲ್ಲ, ತಳದಲ್ಲಿ ಒಂಚೂರು ಹಿಡ್ಕೊಂಡಿದೆ. ಮೇಜು ಹೇಗಿದ್ರೂ ಹೋಗ್ತಿತ್ತು, ಅದು ನಂಗೂ ಗೊತ್ತಿತ್ತು. ಆದರೆ ನೀನು ಕೇಳಿದ್ರೆ ನಾನೇ ಕೊಡ್ತಿದ್ದೆ ಆ ರಟ್ಟನ್ನ. ನೀನು ಕೇಳ್ಲಿಲ್ಲ." ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಒರೆಸುತ್ತಲೇ ಇದ್ದರು. ಆಮೇಲೆ ಪರದೆಯ ಕಡೆ ತಿರುಗಿ, "ಜಾಗ ಹೀಗೆ ಬಿಟ್ರೆ ಹಲ್ಲು ಬಿದ್ದ ಬಾಯಿ ಕಂಡ ಹಾಗೆ ಕಾಣುತ್ತೆ. ನಾಲ್ಕು ಸಾಲು ಬೇಕು. ನಂಗೆ ಗೊತ್ತಿರೋದೆಲ್ಲ ಬರೆದಾಯ್ತು. ನೀನೂ ಅವಳನ್ನ ನೋಡಿದ್ದೀಯಲ್ಲ, ಏನಾದ್ರೂ ಹೇಳು" ಎಂದರು.

ಅವಳ ಬೆರಳು ಕೀಲಿಗಳ ಮೇಲೆ ನಿಂತಿತು. ಹೇಳುವಂಥದ್ದು ಒಂದೇ ಇತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. "ನೀವು ಬಂಡಲ್ ಕಟ್ತಿದ್ದಾಗ ಒಂದಿನ ಅವರು ಬಸ್‌ಸ್ಟಾಪಲ್ಲಿ ಸಿಕ್ಕಿದ್ರು. ನಾನು ಕಂಬದ ಹಿಂದೆ ಸರಿದೆ. ಅವರೇ ಬಂದು ಪಕ್ಕದಲ್ಲಿ ಕೂತ್ರು. 'ಈಗೀಗ ಇವರ ಅಂಗೀಲಿ ಗೋಂದಿನ ವಾಸನೆ ಇಲ್ಲ ಕಣೇ. ಬೆರಳ ಸಂದೀಲಿ ಹುರಿ ಕೊಯ್ದ ಗಾಯ ಇದೆ. ಮೇಜಿನ ಕೆಲಸಾನೇ ಅಂತ ಹೇಳ್ತಾರೆ, ನಾನೂ ಹೌದಾ ಅಂತೀನಿ. ಕೇಳಿದ್ರೆ ಪಾಪ, ಸುಳ್ಳು ಹೇಳಬೇಕಾಗುತ್ತಲ್ಲ ಅವರಿಗೆ. ಮಲಗೋ ಕಡೆ ಒಂದು ಎಣ್ಣೆ ಬಟ್ಟಲು ಇಡ್ತೀನಿ, ಅಷ್ಟೆ' ಅಂದ್ರು. ಬಸ್ಸು ಬಂತು, ಹೋದ್ರು."

ಮೇಷ್ಟ್ರು ತಮ್ಮ ಎರಡು ಕೈಗಳನ್ನೂ ಮಗುಚಿ ನೋಡಿಕೊಂಡರು. "ಎಣ್ಣೆ ಇರ್ತಿತ್ತು" ಎಂದರು. "ಅವಳ ಕಾಲುನೋವಿಗೆ ಅಂತ ತಿಳ್ಕೊಂಡಿದ್ದೆ. ಮಿಕ್ಕಿದ್ದನ್ನ ನಾನೂ ಹಚ್ಕೋತಿದ್ದೆ." ಕೀಲಿಗಳ ಕಡೆ ಬೆರಳು ತೋರಿಸಿದರು. "ಟೈಪ್ ಮಾಡು. ಅವಳು ಹೇಳಿದ ಹಾಗೇ, ಒಂದಕ್ಷರ ಬಿಡಬೇಡ."

ಅವಳು ಟೈಪು ಮಾಡಿದಳು, ಒಂದೊಂದು ಪದವನ್ನೂ ಓದುತ್ತ, ನಿಧಾನವಾಗಿ. ಸಾಲುಗಳು ನಾಲ್ಕಕ್ಕೆ ನಿಲ್ಲಲಿಲ್ಲ, ಐದಾಯಿತು. ಚೌಕದ ಮೂಲೆಯಲ್ಲಿ ಕೆಂಪು ಗುರುತು ಬಂತು. "ಒಂದು ಸಾಲು ಜಾಸ್ತಿ ಮೇಷ್ಟ್ರೇ. ಅಕ್ಷರ ಸ್ವಲ್ಪ ಇಳಿಸ್ಲಾ? ಇಲ್ಲಾಂದ್ರೆ ಇದರಲ್ಲೇ ಎರಡು ಪದ ತೆಗೀಲಾ?"

"ಬೇಡ" ಎಂದರು. ಮುಂದೆ ಬಾಗಿ, ಪುಟದ ಮೇಲಿನಿಂದ ತಮ್ಮ ಬರಹವನ್ನು ಸಾಲು ಸಾಲಾಗಿ ಬೆರಳಿಟ್ಟು ಓದುತ್ತ ಬಂದು ಒಂದು ಕಡೆ ನಿಲ್ಲಿಸಿದರು. ಬಂಡಲ್ ಕಟ್ಟುವ ಕೆಲಸವನ್ನು ಹೆಂಡತಿಗೆ ಹೇಳದೆ ಮುಚ್ಚಿಟ್ಟ ಮಾತಿನ ಬೆನ್ನಿಗೆ ಅಲ್ಲಿ ಹೀಗಿತ್ತು: 'ಈ ವಿಷಯ ಅವಳಿಗೆ ಕೊನೆಯವರೆಗೂ ತಿಳಿಯಲಿಲ್ಲ.'

"ಇದನ್ನ ತೆಗಿ" ಎಂದರು.

ಅವಳು ಆ ಸಾಲನ್ನು ಹಿಡಿದು ಅಳಿಸಿದಳು. ಕೆಳಗಿದ್ದ ಸಾಲುಗಳೆಲ್ಲ ಒಂದೊಂದು ಮೆಟ್ಟಿಲು ಮೇಲೆ ಬಂದು ನಿಂತವು.